ನಾಲ್ಕು ಪುಸ್ತಕ ಮುಗಿಸದವಳು

ಆ ಪುಸ್ತಕಗಳ ಕನ್ನಡವನ್ನು ತಿದ್ದಿದವಳು ನಾನೇ. ಹಾಗಾಗಿ ಆ ವರ್ಷ ನಡೆದದ್ದನ್ನು ನೆನೆದಾಗ ಸಿಟ್ಟು ಮೊದಲು ನನ್ನ ಮೇಲೆಯೇ ಬರುತ್ತದೆ. ಬೇರೆಯವರ ಸರದಿ ಆಮೇಲೆ.

ಹಾವೇರಿಯ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತಳಾಗಿದ್ದೆ. ಕೈಗೆ ಕೆಲಸವಿಲ್ಲದೆ ಚಡಪಡಿಸುತ್ತಿದ್ದಾಗ ಬೆಂಗಳೂರಿನ ಒಬ್ಬ ಕ್ರೈಸ್ತ ಪ್ರಕಾಶಕರು ನಾಲ್ಕು ಪುಸ್ತಕಗಳ ಕರಡು ಕಳಿಸಿದರು. ಆತ್ಮಿಕ ಬೆಳವಣಿಗೆಯ ಬಗ್ಗೆ ಬರೆದ ಪುಸ್ತಕಗಳು, ಇಂಗ್ಲಿಷಿನಿಂದ ಬಂದವು. ಅನುವಾದ ಮಾಡಿದವರು ನಿಘಂಟನ್ನು ಮಡಿಲಲ್ಲಿಟ್ಟುಕೊಂಡೇ ಕೂತಿದ್ದರೆಂದು ಮೊದಲ ಪುಟದಲ್ಲೇ ಗೊತ್ತಾಯಿತು. ಮೂರನೆಯ ಪುಸ್ತಕದ ಹೆಸರು ‘ನಂಬಿಕೆಯಲ್ಲಿ ಸಂಬಂಧಿಸಿರುವಿಕೆ’ ಎಂದಿತ್ತು. ಆ ಪದವನ್ನು ನೋಡಿಯೇ ನನಗೆ ಬಾಯಿ ಒಣಗಿತು. ನಮ್ಮ ಕಡೆ ಒಬ್ಬರನ್ನು ಒಳಗೆ ಕರೆದುಕೊಳ್ಳುವಾಗ ‘ಈಕಿ ನಮ್ಮಾಕಿ’ ಅನ್ನುತ್ತೇವೆ, ಅಷ್ಟೆ. ಒಂದು ವಾರ ಯೋಚಿಸಿ ಅದನ್ನು ‘ನಮ್ಮವರಾಗುವುದು’ ಎಂದು ಮಾಡಿದೆ. ನಾಲ್ಕೂ ಪುಸ್ತಕಗಳನ್ನು ಆರು ತಿಂಗಳು ಕೂತು ತಿದ್ದಿದೆ. ಅಚ್ಚಾಗಿ ಬಂದಾಗ ಒಳಪುಟದಲ್ಲಿ ನನ್ನ ಹೆಸರಿತ್ತು. ಅದನ್ನು ಮನೆಗೆ ಬಂದವರಿಗೆಲ್ಲ ತೋರಿಸಿದೆ ಎಂದು ಒಪ್ಪಿಕೊಳ್ಳುತ್ತೇನೆ.

ನಾನು ಹಾವೇರಿಯಲ್ಲಿದ್ದರೂ ನನ್ನ ಸಭೆ ರಾಣೇಬೆನ್ನೂರಿನದು. ನನ್ನ ಅಜ್ಜ ದೀಕ್ಷಾಸ್ನಾನ ಪಡೆದದ್ದು, ತಾಯಿಯ ಮದುವೆಯಾದದ್ದು, ನಾನು ಹಾಡು ಕಲಿತದ್ದು ಎಲ್ಲ ಅದೇ ಸಣ್ಣ ಚರ್ಚಿನಲ್ಲಿ. ಪ್ರತಿ ಭಾನುವಾರ ಬಸ್ಸು ಹಿಡಿದು ಹೋಗುತ್ತೇನೆ. ಆ ಹೊತ್ತಿಗೆ ಅಲ್ಲಿಗೆ ಹೊಸ ಸಭಾಪಾಲಕರು, ಅಂದರೆ ಪಾದ್ರಿಗಳು, ಬಂದಿದ್ದರು. ವಯಸ್ಸು ನಲವತ್ತರೊಳಗೆ, ಓದಿದವರು, ಕೆಟ್ಟವರಲ್ಲ. ಸಭೆ ಬೆಳೆಯಬೇಕೆಂಬ ಆಸೆ ಅವರಿಗೆ ನಿಜವಾಗಿಯೂ ಇತ್ತು. ನಾನು ತಿದ್ದಿದ ಪುಸ್ತಕಗಳನ್ನು ನೋಡಿ ಸಂತೋಷಪಟ್ಟು, ಸಭೆಯವರೆಲ್ಲ ಇವನ್ನು ಓದಲಿ ಎಂದು ಕಟ್ಟುಗಟ್ಟಲೆ ತರಿಸಿದರು. ಪ್ರತಿ ಪಾಠದ ಕೊನೆಗೆ ಪ್ರಶ್ನೆಗಳು, ಉತ್ತರ ಬರೆಯಲು ಖಾಲಿ ಗೆರೆಗಳು. ನಾಲ್ಕನೆಯ ಪುಸ್ತಕದ ಕೊನೆಯ ಹಾಳೆಯಲ್ಲಿ ಕತ್ತರಿಸಿ ತೆಗೆಯುವಂಥ ಒಂದು ಪ್ರಮಾಣಪತ್ರ. ಉತ್ತರಗಳನ್ನು ತಿದ್ದುವ ಕೆಲಸ ನನಗೇ ಬಂತು. ಕೆಂಪು ಪೆನ್ನು ಮತ್ತೆ ಕೈಗೆ ಬಂದದ್ದಕ್ಕೆ ನಾನು ಹಿಗ್ಗಿದೆ.

ಮೊದಮೊದಲು ಎಲ್ಲವೂ ಚೆನ್ನಾಗಿತ್ತು. ಆಮೇಲೆ ಸಭೆಯ ಹಿರಿಯರ ಕಮಿಟಿ ಒಂದು ತೀರ್ಮಾನ ಮಾಡಿತು. ನಾಲ್ಕೂ ಪುಸ್ತಕ ಮುಗಿಸಿದವರು ಪೂರ್ಣ ಸದಸ್ಯರು. ಉಳಿದವರು ‘ಬೆಳೆಯುತ್ತಿರುವವರು’. ಪೂರ್ಣ ಸದಸ್ಯರಿಗೆ ಮಾತ್ರ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ಹಂಚುವ ರೊಟ್ಟಿ, ದ್ರಾಕ್ಷಾರಸ. ಇದನ್ನು ಸಭೆಯ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ನಾನೂ ಓದಿದೆ. ಜನ ಪುಸ್ತಕ ಓದಲಿ ಎಂದು ಹೆದರಿಸುತ್ತಿದ್ದಾರೆ, ಅಷ್ಟೇ ಎಂದುಕೊಂಡು ಫೋನು ಕೆಳಗಿಟ್ಟೆ.

ನಮ್ಮ ಸಭೆಯಲ್ಲಿ ಎಲ್ಲರೂ ‘ಬ್ಯಾಡಗಿ ಅವ್ವ’ ಎಂದು ಕರೆಯುವ ಒಬ್ಬ ಹೆಂಗಸಿದ್ದಾಳೆ. ನನಗಿಂತ ಆರೇಳು ವರ್ಷ ದೊಡ್ಡವಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸ ಅವಳದು. ವ್ಯಾಪಾರಿಗಳ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ರಾಶಿ ರಾಶಿ ಕಾಯಿಗಳ ತೊಟ್ಟು ಬಿಡಿಸುತ್ತಾರಲ್ಲ, ಆ ಸಾಲಿನಲ್ಲಿ ಮದುವೆಯಾಗಿ ಬಂದಾಗಿನಿಂದ ಕೂತಿದ್ದಾಳೆ. ಗಂಡ ಸತ್ತ ವರ್ಷ, ಜೊತೆಗೆ ಕೆಲಸ ಮಾಡುವ ಒಬ್ಬಳ ಮಾತು ಕೇಳಿ ನಮ್ಮ ಚರ್ಚಿಗೆ ಬಂದಳು. ಮೇಡ್ಲೇರಿಯ ಹತ್ತಿರ ತುಂಗಭದ್ರೆಯಲ್ಲಿ ಅವಳಿಗೆ ದೀಕ್ಷಾಸ್ನಾನವಾದಾಗ ದಡದಲ್ಲಿ ನಾನೂ ನಿಂತಿದ್ದೆ. ಗಂಡನ ಮನೆಯವರು ಅಂದಿನಿಂದ ಮಾತು ಬಿಟ್ಟರು. ಆದರೂ ಅವಳು ಒಂದು ಭಾನುವಾರ ತಪ್ಪಿಸಿದ್ದನ್ನು ನಾನು ಕಾಣೆ. ಬ್ಯಾಡಗಿಯಿಂದ ಬಸ್ಸಿನಲ್ಲಿ ಬಂದು, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ನಾನು ಕೂಡುವ ಮೂರನೆಯ ಬೆಂಚಿನಲ್ಲೇ ಕೂಡುತ್ತಿದ್ದಳು. ಅವಳಿಗೆ ಓದಲು ಬರುವುದಿಲ್ಲ. ಆದರೆ ಯಾರಾದರೂ ಬೈಬಲಿನಿಂದ ಓದಿದ ಕೀರ್ತನೆಯನ್ನು ನಾಲ್ಕು ಸಲ ಕೇಳಿದರೆ ಐದನೆಯ ಸಲ ತಾನೇ ಹೇಳುತ್ತಿದ್ದಳು. ನಾನು ಪುಸ್ತಕ ನೋಡಿ ಹೇಳುವಾಗ ತಪ್ಪಿದರೆ ಮೊಣಕೈಯಿಂದ ತಿವಿಯುತ್ತಿದ್ದಳು.

ಆ ತೀರ್ಮಾನದ ನಂತರದ ಮೊದಲ ಭೋಜನದ ಭಾನುವಾರ ಕಮಿಟಿಯ ಮುಖ್ಯ ಹಿರಿಯರು ಎದ್ದುನಿಂತು ಪಟ್ಟಿ ಓದಿದರು. ಹೆಸರು ಕೇಳಿದವರು ಎದ್ದು ಮುಂದೆ ಹೋಗಿ, ವೇದಿಯ ಮುಂದಿನ ಕಟಕಟೆಯ ಹತ್ತಿರ ಮೊಣಕಾಲೂರಿ, ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ತೆಗೆದುಕೊಳ್ಳಬೇಕು. ಬ್ಯಾಡಗಿ ಅವ್ವ ಪಟ್ಟಿಯನ್ನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ನಮ್ಮ ಸಾಲು ಎದ್ದಾಗ ರೂಢಿಯಂತೆ ಅವಳೂ ಎದ್ದಳು, ತಲೆಯ ಮೇಲೆ ಸೆರಗು ಹೊದ್ದು ನನ್ನ ಮುಂದೆ ನಡೆದಳು. ಬೆಂಚುಗಳ ನಡುವಿನ ದಾರಿಯಲ್ಲಿ ಆ ಹಿರಿಯರು ಅಡ್ಡ ಕೈಚಾಚಿದರು.

“ನೀವು ಕುಂದರ್ರಿ ಅವ್ವಾ,” ಅಂದರು. “ನಿಮ್ಮದು ಇನ್ನಾ ಮುಗದಿಲ್ಲ.”

ಏನು ಮುಗಿದಿಲ್ಲ ಎಂದು ಅವಳಿಗೆ ತಿಳಿಯಲಿಲ್ಲ. ಅವಳು ಕೂಡಲಿಲ್ಲ, ಮುಂದೆಯೂ ಹೋಗಲಿಲ್ಲ. ದಾರಿಯ ನಡುವೆ ನಿಂತೇ ಇದ್ದಳು. ಹಿಂದಿನಿಂದ ಬಂದವರು ಅವಳ ಎರಡೂ ಬದಿಯಿಂದ ದಾಟಿ ಹೋದರು. ನಾನೂ ದಾಟಿ ಹೋದೆ. ಹೋಗಿ ಮೊಣಕಾಲೂರಿದೆ, ಕೈಚಾಚಿದೆ, ರೊಟ್ಟಿ ಬಾಯಿಗಿಟ್ಟೆ. ತಿರುಗಿ ಬಂದಾಗ ಮೂರನೆಯ ಬೆಂಚು ಖಾಲಿ ಇತ್ತು.

ಆ ದಿನ ನಾನು ಅವಳ ಬೆನ್ನು ಹತ್ತಿ ಹೋಗಲಿಲ್ಲ. ಕೊನೆಯ ಆಶೀರ್ವಾದದವರೆಗೆ ಕೂತೆ, ಹೊರಗೆ ನಾಲ್ಕು ಜನರ ಹತ್ತಿರ ಚಹಾ ಕುಡಿಯುತ್ತ ಮಾತಾಡಿದೆ, ಹಾವೇರಿ ಬಸ್ಸು ಹತ್ತಿದೆ. ಕರ್ಜಗಿಗೆ ಹೋಗುವವಳೊಬ್ಬಳು ಪಕ್ಕದಲ್ಲಿ ಕೂತು ತನ್ನ ಮಗಳ ಬಾಣಂತನದ ಸುದ್ದಿ ಹೇಳುತ್ತಿದ್ದಳು. ಅದಕ್ಕೂ ಹೂಂಗುಟ್ಟಿದೆ. ಮನೆಗೆ ಬಂದು ಬಾಗಿಲು ತೆಗೆದಾಗ ಮೇಜಿನ ಮೇಲೆ ತಿದ್ದಲು ಇಟ್ಟುಕೊಂಡ ಉತ್ತರ ಪುಸ್ತಕಗಳು ಕಂಡವು. ಆಗ ಮೈಯೆಲ್ಲ ಉರಿಯಿತು. ಆ ಪಟ್ಟಿಯನ್ನು ಮಾಡಿಕೊಟ್ಟವಳು ನಾನಲ್ಲವೇ? ಯಾರು ಮುಗಿಸಿದರು, ಯಾರು ಮುಗಿಸಿಲ್ಲ ಎಂದು ತಿಂಗಳು ತಿಂಗಳು ಬರೆದು ಸಭಾಪಾಲಕರ ಕೈಗಿಟ್ಟವಳು?

ಬುಧವಾರ ಬ್ಯಾಡಗಿಗೆ ಹೋದೆ. ಶೆಡ್ಡಿನ ಬಾಗಿಲಲ್ಲೇ ಮೆಣಸಿನ ಘಾಟಿಗೆ ಕೆಮ್ಮು ಹತ್ತಿತು, ಕಣ್ಣಲ್ಲಿ ನೀರು ಬಂತು. ನಾನು ಅಳುತ್ತಿದ್ದೇನೆಂದು ತಿಳಿದು ಹೆಂಗಸರು ಕೈ ನಿಲ್ಲಿಸಿ ನೋಡಿದರು. ಬ್ಯಾಡಗಿ ಅವ್ವ ಎದ್ದು ಬಂದಳು. “ಅಕ್ಕೋರ, ಈ ಘಾಟಿನ್ಯಾಗ ಯಾಕ ಬರಾಕ ಹೋದ್ರಿ? ಬರ್ರಿ, ಈ ಕಡೆ ಕುಂದ್ರಿ,” ಎಂದು ಗಾಳಿ ಬರುವ ಕಡೆ ಒಂದು ಖಾಲಿ ಚೀಲ ಹಾಸಿದಳು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಅವಳು ನನ್ನನ್ನು ಎಂದೂ ಬೇರೆ ಹೆಸರಿನಿಂದ ಕರೆದಿಲ್ಲ.

ಊಟದ ಬಿಡುವಾಗಿತ್ತು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನೆಲ್ಲ ಹೇಳಿದೆ. ಅವರು ಮಾಡಿದ್ದು ತಪ್ಪು, ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು, ಇದನ್ನು ಹೀಗೇ ಬಿಡುವುದಿಲ್ಲ ಎಂದೆಲ್ಲ. ಅವಳು ರೊಟ್ಟಿ ಮುರಿಯುತ್ತ ಕೇಳಿದಳು. ಅವಳ ಮುಖದಲ್ಲಿ ನನ್ನ ಸಿಟ್ಟಿನ ಅರ್ಧವಾದರೂ ಕಾಣಲಿ ಎಂದು ನಾನು ಹುಡುಕುತ್ತಿದ್ದೆ. ಸಾಲಿನಲ್ಲಿದ್ದ ಒಬ್ಬ ಮುಸ್ಲಿಂ ಹೆಣ್ಣುಮಗಳು, ಅವಳ ಪಕ್ಕದಲ್ಲೇ ಎಷ್ಟೋ ವರ್ಷಗಳಿಂದ ಕೂತು ಕೆಲಸ ಮಾಡುವವಳು, ಎಲ್ಲವನ್ನೂ ಕೇಳಿಸಿಕೊಂಡು ನನಗೆ ನೇರವಾಗಿ ಹೇಳಿದಳು: “ಪಂಗತಿಗೆ ಬಂದಾರನ್ನ ಎಬ್ಬಸೂದು ಯಾವ ಧರ್ಮದಾಗೂ ಇಲ್ರಿ ಬಾಯಾರ.” ನಾಲ್ಕು ಪುಸ್ತಕ ತಿದ್ದಿದ ನನಗಿಂತ, ಒಂದನ್ನೂ ನೋಡದ ಆಕೆಗೆ ವಿಷಯ ಸ್ಪಷ್ಟವಾಗಿತ್ತು.

ಬ್ಯಾಡಗಿ ಅವ್ವ ಕೈತೊಳೆದು ಬಂದು ಬೇರೆಯೇ ಮಾತು ಕೇಳಿದಳು. “ಆ ಪುಸ್ತಕಾ ನಿಮ್ಮ ಚೀಲದಾಗ ಅದಾವೇನ್ರಿ?”

ಇದ್ದವು. ಯಾಕೆ ಎಂದೆ.

“ಓದ್ರಿ. ನನ್ನ ಹೊರಗ ಇಟ್ಟದ್ದು ಯಾವ ಮಾತು ಅಂತ ನನಗೂ ಗೊತ್ತಾಗಬೇಕಲ್ಲ.”

ಹೀಗೆ ಬುಧವಾರದ ಓದು ಶುರುವಾಯಿತು. ಮೊದಲು ಶೆಡ್ಡಿನಲ್ಲಿ ಊಟದ ಬಿಡುವಿನಲ್ಲಿ, ಆಮೇಲೆ ಕೆಲಸ ಬಿಟ್ಟ ಮೇಲೆ ಅವಳ ಮನೆಯ ಅಂಗಳದಲ್ಲಿ. ನಾನು ಓದುವುದು, ಅವಳು ಕೇಳುವುದು. ಪಕ್ಕದ ಮನೆಗಳ ಇಬ್ಬರು ಮೂವರು ಹೆಂಗಸರೂ ಬಂದು ಕೂಡುತ್ತಿದ್ದರು. ಆರು ತಿಂಗಳು ಕೂತು ತಿದ್ದುವಾಗ ನನಗೆ ಹೊಳೆಯದ ಸಂಗತಿಗಳು ಅಲ್ಲಿ ಒಂದೊಂದಾಗಿ ಎದ್ದು ಬಂದವು. ಮೊದಲ ಪುಸ್ತಕದಲ್ಲಿ, ಬೆಳಿಗ್ಗೆ ಎದ್ದ ಕೂಡಲೆ ಒಂದು ಕೋಣೆಯಲ್ಲಿ ಒಬ್ಬರೇ ಕೂತು, ಬಾಗಿಲು ಹಾಕಿಕೊಂಡು, ಅರ್ಧ ಗಂಟೆ ಮೌನವಾಗಿ ಕಳೆದು, ಮನಸ್ಸಿಗೆ ಬಂದದ್ದನ್ನು ಡೈರಿಯಲ್ಲಿ ಬರೆಯಬೇಕೆಂದು ಇದೆ. ಅದನ್ನು ಓದಿದಾಗ ಅವಳು ಹಿಂತಿರುಗಿ ತನ್ನ ಮನೆಯನ್ನೊಮ್ಮೆ ನೋಡಿದಳು. ಒಂದೇ ಕೋಣೆ. ಒಳಗೆ ಸೊಸೆ, ಎರಡು ಮೊಮ್ಮಕ್ಕಳು, ಬಾಗಿಲಿಗೆ ಕಟ್ಟಿದ ಆಡು. “ನಾ ಬಸ್ಸಿನ್ಯಾಗ ಮಾಡ್ತೀನ್ರಿ ಪ್ರಾರ್ಥನಾ,” ಅಂದಳು. “ಅದು ನಡೀತದೇನು?” ಎಂಥ ಕೋಣೆಯಿರುವ ಜನರಿಗಾಗಿ ಈ ಪುಸ್ತಕ ಬರೆದಿದ್ದಾರೆ ಎಂಬ ಪ್ರಶ್ನೆ, ಆ ವಾಕ್ಯದ ವ್ಯಾಕರಣ ತಿದ್ದುತ್ತ ಕೂತಾಗ ನನ್ನ ತಲೆಗೆ ಬಂದಿರಲಿಲ್ಲ. ನನಗೆ ಕೋಣೆ ಇತ್ತು, ಕುರ್ಚಿಯೂ ಇತ್ತು.

ಮೂರನೆಯ ಪುಸ್ತಕಕ್ಕೆ ಬಂದೆವು. ಅದರ ಐದನೆಯ ಪಾಠದಲ್ಲಿ ಒಂದು ಪುಟವಿದೆ. ಕರ್ತನ ಮೇಜಿನ ಹತ್ತಿರ ಬಂದವರಿಗೆ ಅವರ ಅರ್ಹತೆ ಕೇಳುವ ಹಕ್ಕು ಇನ್ನೊಬ್ಬ ಅತಿಥಿಗೆ ಇಲ್ಲ, ಕರೆದವನು ಬೇರೆ ಇದ್ದಾನೆ ಎಂಬುದು ಅದರ ಸಾರ. ಅವಳು ಇನ್ನೊಮ್ಮೆ ಓದಲು ಹೇಳಿದಳು. ಓದಿದೆ.

“ಇದನ್ನ ಹಿರಿಯಾರು ಓದ್ಯಾರೇನ್ರಿ?”

“ಓದ್ಯಾರ ಯಕ್ಕಾ. ಉತ್ತರಾನೂ ಬರದು ಕೊಟ್ಟಾರ. ನಾನ ತಿದ್ದೇನಿ.”

“ಬರದಿರಬೇಕು,” ಅಂದಳು. “ಓದಿಲ್ಲ ಬಿಡ್ರಿ.”

ಆ ಮಾತು ನನ್ನನ್ನು ಹಾವೇರಿಯವರೆಗೂ ಬಿಡಲಿಲ್ಲ. ಯಾಕೆಂದರೆ ನನಗೆ ಒಂದು ಸಂಗತಿ ಮೊದಲೇ ಗೊತ್ತಿತ್ತು. ಮುಖ್ಯ ಹಿರಿಯರ ಉತ್ತರ ಪುಸ್ತಕ, ಅವರ ದೊಡ್ಡ ಮಗನದು, ಸಣ್ಣ ಮಗನದು, ಮೂರೂ ಒಂದೇ ಕೈಬರಹ. ‘ಳ’ದ ಬಾಲವನ್ನು ಗೆರೆಯ ಕೆಳಗೆ ಉದ್ದಕ್ಕೆ ಎಳೆಯುವ, ದುಂಡಗಿನ ಅಕ್ಷರ. ಮೂವತ್ತು ವರ್ಷ ಮಕ್ಕಳ ಉತ್ತರ ಪತ್ರಿಕೆ ನೋಡಿದವಳಿಗೆ ನಕಲು ಕಾಣದಿರುತ್ತದೆಯೇ? ಕಂಡಿತ್ತು. ಹತ್ತನೆಯ ತರಗತಿಯ ಒಬ್ಬ ಹುಡುಗಿ ಹೀಗೆ ಮಾಡಿದ್ದರೆ ಕರೆದು ನಿಲ್ಲಿಸಿ ಕೇಳುತ್ತಿದ್ದೆ. ಇವರು ಹಿರಿಯರು, ಚರ್ಚಿನ ಗೋಡೆ ಕಟ್ಟಿಸಿದವರ ಮನೆತನ, ಯಾಕೆ ಕೇಳಬೇಕು ಎಂದುಕೊಂಡು ಮೂರಕ್ಕೂ ‘ಉತ್ತಮ’ ಎಂದು ಬರೆದು ಸಹಿ ಹಾಕಿದ್ದೆ.

ಆ ಅಕ್ಷರ ಯಾರದೆಂದು ಊಹಿಸುವುದು ಕಷ್ಟವಿರಲಿಲ್ಲ. ಹಿರಿಯರ ದೊಡ್ಡ ಸೊಸೆ ಕುಪ್ಪೇಲೂರಿನ ಕಡೆಯ ಹುಡುಗಿ, ಬಿ.ಎ. ಓದಿದವಳು. ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ನೀರಿನ ನಲ್ಲಿಯ ಹತ್ತಿರ ಲೋಟ ತೊಳೆಯುತ್ತಿದ್ದಳು. ಹೋಗಿ ಮೆಲ್ಲಗೆ ಕೇಳಿದೆ. ಬೈಯುತ್ತೇನೆಂದು ಹೆದರಿ ಅವಳು ನಲ್ಲಿ ನಿಲ್ಲಿಸಿದಳು. ಆಮೇಲೆ ಹೇಳಿದಳು.

“ಹೌದ್ರಿ ಅಕ್ಕೋರ. ಮಾವಾರದು, ನಮ್ಮನಿಯವರದು, ಮೈದುನಂದು, ಮೂರೂ ನಾನ ಬರದೇನಿ.”

“ನಿಂದು? ನಿನ್ನ ಪುಸ್ತಕಾ ನನಗ ಬಂದಽ ಇಲ್ಲಲ್ಲ?”

“ನಂದು ಬರಿಯಾಕ ಹೊತ್ತು ಸಿಗಲಿಲ್ರಿ.”

ಲೋಟ ತೊಳೆಯುವುದನ್ನು ಮುಂದುವರಿಸಿದಳು. ಆಗ ನನಗೆ ಪಟ್ಟಿ ನೆನಪಾಯಿತು. ಅದರಲ್ಲಿ ಅವಳ ಹೆಸರೂ ಇರಲಿಲ್ಲ. ನಾಲ್ಕು ಪುಸ್ತಕಗಳನ್ನು ಮೂರು ಮೂರು ಸಲ ಓದಿ, ಪ್ರತಿ ಪ್ರಶ್ನೆಗೆ ಮೂರು ಬೇರೆ ಬೇರೆ ಉತ್ತರ ಕಟ್ಟಿದವಳು ಆ ಭಾನುವಾರ ‘ಬೆಳೆಯುತ್ತಿರುವವರ’ ಜೊತೆ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅವಳ ಬುದ್ಧಿಯ ಮೇಲೆ ಹತ್ತಿ ಗಂಡಸರು ಮುಂದೆ ಹೋಗಿ ಮೊಣಕಾಲೂರಿದ್ದರು. ಬ್ಯಾಡಗಿ ಅವ್ವನನ್ನಾದರೂ ಎಲ್ಲರೂ ನೋಡಿದ್ದರು. ಇವಳನ್ನು ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಸಭಾಪಾಲಕರ ಹತ್ತಿರ ಹೋಗಿ, ಕಮಿಟಿಯನ್ನು ಕರೆಯಿರಿ, ನಾನು ಮಾತಾಡಬೇಕು ಎಂದೆ. ನಿಯಮ ಎಲ್ಲರಿಗೂ ಒಂದೇ, ಒಬ್ಬರಿಗಾಗಿ ಬದಲಿಸಿದರೆ ಶಿಸ್ತು ಉಳಿಯುವುದಿಲ್ಲ ಎಂದು ಅವರು ತಾಳ್ಮೆಯಿಂದಲೇ ಹೇಳಿದರು. ಆ ತಾಳ್ಮೆ ನನ್ನನ್ನು ಇನ್ನಷ್ಟು ಕೆರಳಿಸಿತು. ಎಲ್ಲರಿಗೂ ಒಂದೇ ಹೌದೋ ಅಲ್ಲವೋ ಎಂಬುದನ್ನೇ ಮಾತಾಡೋಣ ಎಂದೆ.

ಆರಾಧನೆಯ ನಂತರ ಚರ್ಚಿನಲ್ಲೇ ಸೇರಿದೆವು. ಕಮಿಟಿಯ ಜೊತೆ ಸಭೆಯವರೂ ಬಹಳ ಜನ ಉಳಿದರು. ನಾನು ಮೂರನೆಯ ಪುಸ್ತಕ ತೆಗೆದು ಐದನೆಯ ಪಾಠದ ಆ ಪುಟವನ್ನು ಗಟ್ಟಿಯಾಗಿ ಓದಿದೆ. ಇದಕ್ಕೆ ಕೇಳಿದ ಪ್ರಶ್ನೆಗೆ ನೀವು ಏನು ಉತ್ತರ ಬರೆದಿದ್ದೀರಿ, ಒಂದು ಸಲ ನೆನಪು ಮಾಡಿಕೊಂಡು ಹೇಳಿ ಎಂದು ಮುಖ್ಯ ಹಿರಿಯರನ್ನು ಕೇಳಿದೆ. ಅವರ ಕಿವಿ ಕೆಂಪಾಯಿತು. ಬರೆದು ಬಹಳ ದಿನವಾಯಿತು, ಅದೆಲ್ಲ ಈಗ ಯಾಕೆ, ಟೀಚರು ಇಲ್ಲಿಯೂ ಪರೀಕ್ಷೆ ಮಾಡುತ್ತಾರೇನು ಎಂದು ಸುತ್ತ ನೋಡಿ ನಕ್ಕರು. ಒಂದಿಬ್ಬರು ಜೊತೆಗೆ ನಕ್ಕರು. ಕೈಬರಹದ ವಿಷಯ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಮನೆಗೆ ಹೋದ ಮೇಲೆ ಬೈಸಿಕೊಳ್ಳುವವಳು ಆ ಸೊಸೆ. ನಾನು ತಡೆದುಕೊಂಡೆ.

ಹಿಂದಿನ ಬೆಂಚಿನಿಂದ ಅವಳೇ ಎದ್ದಳು. ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು ನಿಂತಳು.

“ಆ ಪ್ರಶ್ನೆಗೆ ಮಾವಾರ ಪುಸ್ತಕದಾಗ ಏನೈತಿ ಅಂತ ನಾ ಹೇಳ್ತೀನ್ರಿ. ‘ನಾನು ಯಾರನ್ನೂ ಈ ಮೇಜಿನಿಂದ ದೂರ ಇಡೂದಿಲ್ಲ’ ಅಂತೈತಿ. ನಾನ ಬರದದ್ದು.”

ಯಾರೂ ನಗಲಿಲ್ಲ. ಅವಳ ಗಂಡ ನೆಲ ನೋಡುತ್ತ ಕೂತ. ಮಾವ ಕೂಡು ಎಂದು ಕೈಸನ್ನೆ ಮಾಡಿದರು. ಅವಳು ಕೂಡಲಿಲ್ಲ. ಬ್ಯಾಡಗಿ ಅವ್ವನಿಗೆ ಓದಲು ಬರುವುದಿಲ್ಲ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತಿತ್ತು, ಗೊತ್ತಿದ್ದೇ ಈ ನಿಯಮ ಮಾಡಿದಿರಿ, ಅವಳಿಗೂ ಯಾರಾದರೂ ಬರೆದುಕೊಟ್ಟಿದ್ದರೆ ನಿಮ್ಮ ಹಾಗೆ ಅವಳೂ ಮುಂದೆ ಬರುತ್ತಿದ್ದಳು ಎಂದು ಹೇಳಿ, ಆಮೇಲೆ ತಾನಾಗಿಯೇ ಕೂತಳು. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತು ನಾನು ಇಷ್ಟು ಚೊಕ್ಕವಾಗಿ ಒಂದು ವಿಷಯ ಹೇಳಿದ ನೆನಪಿಲ್ಲ.

ಇಷ್ಟಾದ ಮೇಲೆ ಕಮಿಟಿ ಮಾಡಿದ್ದೇನು? ಅರ್ಧ ಗಂಟೆ ತಮ್ಮತಮ್ಮಲ್ಲಿ ಮಾತಾಡಿ, ಓದು ಬಾರದವರಿಗೆ ಬಾಯಿಪರೀಕ್ಷೆಯ ರಿಯಾಯಿತಿ ಕೊಡುತ್ತೇವೆ ಎಂದರು. ರಿಯಾಯಿತಿ! ಕೆಂಪು ಪೆನ್ನನ್ನೂ ಉಳಿದ ಉತ್ತರ ಪುಸ್ತಕಗಳನ್ನೂ ಅಲ್ಲೇ ಮೇಜಿನ ಮೇಲಿಟ್ಟು, ಇನ್ನು ಮುಂದೆ ಇದನ್ನು ಬೇರೆ ಯಾರಾದರೂ ಮಾಡಲಿ ಎಂದು ಹೇಳಿ ಎದ್ದು ಬಂದೆ.

ಬುಧವಾರ ಬ್ಯಾಡಗಿ ಅವ್ವನಿಗೆ ಎಲ್ಲ ಹೇಳಿದೆ. ಹಿರಿಯರ ಸೊಸೆ ಎದ್ದು ನಿಂತದ್ದನ್ನು ಕೇಳಿ ಅವಳ ಕಣ್ಣು ತುಂಬಿತು. ಬಾಯಿಪರೀಕ್ಷೆಯ ಮಾತಿಗೆ ಮಾತ್ರ ಬೇಡವೆಂದು ತಲೆಯಾಡಿಸಿದಳು. ನಾವು ಓದಿದಷ್ಟೂ ಅವಳಿಗೆ ಆ ಹೊತ್ತಿಗೆ ಹೆಚ್ಚುಕಡಿಮೆ ಬಾಯಿಪಾಠವಾಗಿತ್ತು. ಯಾವ ಪರೀಕ್ಷೆಯಲ್ಲಾದರೂ ಗೆಲ್ಲುತ್ತಿದ್ದಳು.

“ನದ್ಯಾಗ ಇಳಿಸಿದಾಗ ನನ್ನ ಒಂದ ಮಾತು ಕೇಳಿದ್ರು, ನಂಬೀಯೇನು ಅಂತ,” ಅಂದಳು. “ಹೂಂ ಅಂದೆ. ಆ ಹೂಂ ಇನ್ನಾ ಐತಿ. ಮತ್ತೊಂದು ಸಲ ಕೇಳಾಕ ಅವರ್ಯಾರು?”

ಆಗ ಮೊದಲ ಸಲ ಅವಳ ಸಿಟ್ಟನ್ನು ಕಂಡೆ. ಅದು ನನ್ನದರಂತೆ ಗದ್ದಲದ್ದಲ್ಲ. ಆಮೇಲೂ ಮೂರು ತಿಂಗಳು ಅವಳು ರಾಣೇಬೆನ್ನೂರಿಗೆ ಬರಲಿಲ್ಲ. ಸಭಾಪಾಲಕರು ಎರಡು ಸಲ ಫೋನು ಮಾಡಿಸಿದರು, ಕೊನೆಗೆ ತಾವೇ ಬೈಕಿನಲ್ಲಿ ಬ್ಯಾಡಗಿಗೆ ಹೋದರು. ಅವಳು ಅವರನ್ನು ಅಂಗಳದಲ್ಲಿ ಕೂಡಿಸಿ, ಚಹಾ ಕೊಟ್ಟು, ಅದೇ ಪುಟವನ್ನು ಒಂದಕ್ಷರ ತಪ್ಪದೆ ಬಾಯಲ್ಲೇ ಹೇಳಿದಳಂತೆ. ಇದನ್ನು ನನಗೆ ಹೇಳಿದವರು ಸಭಾಪಾಲಕರೇ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅದಾದ ಮೇಲೆ ಬಂದ ಭೋಜನದ ಭಾನುವಾರ ಪಟ್ಟಿ ಓದಲಿಲ್ಲ. ನಿಯಮವನ್ನು ತೆಗೆದುಹಾಕಿದ್ದೇವೆ ಎಂದು ಯಾರೂ ಹೇಳಲಿಲ್ಲ. ತಪ್ಪಾಯಿತು ಎಂದು ಇಂದಿನವರೆಗೂ ಯಾರೂ ಅಂದಿಲ್ಲ. ವಾಟ್ಸ್ಯಾಪ್ ಗುಂಪಿನಲ್ಲಿ ಆ ತೀರ್ಮಾನ ಹಾಗೆಯೇ ಮೇಲೆಲ್ಲೋ ಇದೆ. ಬ್ಯಾಡಗಿ ಅವ್ವ ಬಂದಳು, ಸೆರಗು ಹೊದ್ದು ಮುಂದೆ ನಡೆದಳು. ಹಿರಿಯರ ಸೊಸೆ ಹಿಂದಿನ ಬೆಂಚಿನಿಂದ ಎದ್ದು ಬಂದು ಅವಳ ಪಕ್ಕದಲ್ಲಿ ಮೊಣಕಾಲೂರಿದಳು. ಆ ಮನೆಯಲ್ಲಿ ಆ ಮೂರು ತಿಂಗಳು ಅವಳು ಏನೇನು ಅನುಭವಿಸಿದಳೋ, ನಾನು ಕೇಳಿದರೆ ‘ಇರಲಿ ಬಿಡ್ರಿ’ ಅನ್ನುತ್ತಾಳೆ. ಗಂಡ ಮಾತ್ರ ಈಗ ತನ್ನ ಪುಸ್ತಕವನ್ನು ತಾನೇ ಓದಲು ಶುರುಮಾಡಿದ್ದಾನಂತೆ.

ನಾನು ಪ್ರಕಾಶಕರಿಗೆ ಒಂದು ಉದ್ದನೆಯ ಪತ್ರ ಬರೆದೆ. ನಿಮ್ಮ ಪುಸ್ತಕದಲ್ಲಿ ಒಳ್ಳೆಯ ಮಾತುಗಳಿವೆ, ಅವು ಇರಲಿ. ಆದರೆ ಕೊನೆಯ ಹಾಳೆಯ ಪ್ರಮಾಣಪತ್ರವನ್ನು ತೆಗೆಯಿರಿ, ನಮ್ಮ ಕಡೆ ಅದರಿಂದ ಇಂಥ ಅನ್ಯಾಯವಾಗಿದೆ ಎಂದು ನಡೆದದ್ದನ್ನೆಲ್ಲ ವಿವರಿಸಿದೆ. ಬಹಳ ದಿನಗಳ ಮೇಲೆ ಎರಡು ಸಾಲಿನ ಉತ್ತರ ಬಂತು. ಪ್ರಮಾಣಪತ್ರಕ್ಕೆ ಸಭೆಗಳಿಂದ ಒಳ್ಳೆಯ ಪ್ರತಿಕ್ರಿಯೆ ಇದೆಯಂತೆ, ಮುಂದಿನ ಮುದ್ರಣದಲ್ಲಿ ಅದನ್ನು ಬಣ್ಣದಲ್ಲಿ, ದಪ್ಪ ಕಾಗದದ ಮೇಲೆ ಹಾಕುತ್ತಾರಂತೆ. ಆ ಮುದ್ರಣಕ್ಕೆ ನನ್ನ ಹೆಸರು ಬೇಡವೆಂದು ಮರುದಿನವೇ ತಿಳಿಸಿದೆ.

ಬ್ಯಾಡಗಿ ಅವ್ವ ಈಗ ತಿಂಗಳಿಗೆ ಒಂದು ಭಾನುವಾರ ಮಾತ್ರ ರಾಣೇಬೆನ್ನೂರಿಗೆ ಬರುತ್ತಾಳೆ, ಭೋಜನದ ದಿನ. ಉಳಿದ ಭಾನುವಾರ ತನ್ನ ಓಣಿಯ ಹೆಂಗಸರ ಜೊತೆ ತನ್ನ ಅಂಗಳದಲ್ಲೇ ಪ್ರಾರ್ಥನೆ ಮಾಡುತ್ತಾಳೆ. ಹೋದ ತಿಂಗಳು ಚರ್ಚಿನ ಮೆಟ್ಟಿಲ ಮೇಲೆ ಆ ಹಿರಿಯರು ಎದುರಾದಾಗ ಅವರ ಮೊಣಕಾಲ ನೋವು ಹೇಗಿದೆ ಎಂದು ವಿಚಾರಿಸಿದಳು, ಎಳ್ಳೆಣ್ಣೆ ತಿಕ್ಕಿಸಿಕೊಳ್ಳಲು ಹೇಳಿದಳು. ಅವರು ಕೈಮುಗಿದರು. ನನಗೆ ಒಳಗೊಳಗೇ ಕೋಪ ಬಂತು, ಇವರಿಗೆ ಕ್ಷಮೆ ಇಷ್ಟು ಸಲೀಸಾಗಿ ಯಾಕೆ ಸಿಗಬೇಕು ಎಂದು. ಬಸ್‌ ನಿಲ್ದಾಣಕ್ಕೆ ನಡೆಯುವಾಗ ಅದನ್ನು ಹೇಳಿಯೂಬಿಟ್ಟೆ. ಅವಳು “ಲಗೂ ನಡೀರಿ, ಬಸ್ಸು ಬಿಡ್ತದ” ಎಂದಷ್ಟೇ ಹೇಳಿ, ನನ್ನ ಕೈಯಿಂದ ಪುಸ್ತಕಗಳ ಚೀಲವನ್ನು ತಾನು ತೆಗೆದುಕೊಂಡಳು.